ಅರಿಶಿಣ ಹಚ್ಚಿದ ಆರ್ಡರು

ಹೊಸದಾಗಿ ಬಂದ ಯಾವ ವಸ್ತುವನ್ನೂ ನಮ್ಮ ಅವ್ವ ಅರಿಶಿಣ ಕುಂಕುಮ ಹಚ್ಚದೆ ಮನೆಯಲ್ಲಿ ಬಳಸಿದವಳಲ್ಲ. ಕುಕ್ಕರ್ ಬಂದರೆ ಕುಕ್ಕರಿಗೆ, ಗ್ಯಾಸ್ ಸಿಲಿಂಡರಿಗೆ, ಅಪ್ಪ ಗಾರೆ ಮೆತ್ತುವ ಹೊಸ ಥಾಪಿಗೆ, ಲೈಟಿನ ಮೀಟರಿಗೂ ಸಹ. ನನ್ನ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡನ್ನೂ ಬಿಡಲಿಲ್ಲ. ನಾಲ್ಕು ಮೂಲೆಗೆ ಹಳದಿ ಬೆರಳು ಒತ್ತಿ, ನಡುವೆ ಕುಂಕುಮ ಇಟ್ಟು ದೇವರ ಮುಂದೆ ಇಟ್ಟುಬಿಟ್ಟಿದ್ದಳು. ಕುಂಕುಮ ಸರಿಯಾಗಿ ಗಣಿತದ ಅಂಕದ ಮೇಲೆ ಕೂತಿತ್ತು. ಹನ್ನೊಂದನೇ ತರಗತಿಗೆ ಸೇರಲು ಹೋದಾಗ ಅಲ್ಲಿದ್ದ ಟೀಚರುಬಾಯಿ ಅದನ್ನು ಬೆಳಕಿಗೆ ಹಿಡಿದು, ಇದು ಮೂರೋ ಎಂಟೋ ಎಂದು ಎಲ್ಲರೆದುರು ಕೇಳಿದರು. ಸಾಲಿನಲ್ಲಿ ಹಿಂದಿದ್ದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆವತ್ತಿನಿಂದ ಅರಿಶಿಣದ ಬಟ್ಟಲು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹನ್ನೆರಡು ಮುಗಿಸಿದ ಮೇಲೆ ನಾನು ಬಸ್‌ಸ್ಟ್ಯಾಂಡಿನ ಬಳಿ ಒಂದು ಕ್ಸೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ದಿನವಿಡೀ ಬಿಳಿ ಕಾಗದದ ಸಹವಾಸ. ಹೀಗಾಗಿ ಕಾಗದಪತ್ರದ ವಿಷಯದಲ್ಲಿ ನಮ್ಮ ಸಾಲಿಗೆಲ್ಲ ನಾನೇ ದೊಡ್ಡ ಪಂಡಿತೆ ಎಂಬ ಸೊಕ್ಕು ಬಂದಿತ್ತು. ಆ ಸೊಕ್ಕು ಇಳಿದ ಕಥೆ ಇದು.

ನಾವು ವಿಜಾಪುರದ ಕಡೆಯವರು. ನಾನು ಹುಟ್ಟುವ ಮೊದಲೇ ಅಪ್ಪ ಗವಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದಿದ್ದ. ಊರಿನ ಹೆಸರು ಬೇಡ; ಕೆಪೆ ಪೇಟೆಯ ಬಸ್ಸು ಅಲ್ಲಿ ನಿಂತು ಹೋಗುತ್ತದೆ ಎಂದರೆ ಸಾಕು. ರಸ್ತೆಯ ಕೆಳಗೆ ಇಳುಕಲಿನಲ್ಲಿ ನಮ್ಮ ಕಡೆಯವರ ಎಂಟು ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ವಾರವಿಡೀ ಬೇರೆಯವರ ಬಂಗಲೆ ಕಟ್ಟಿ ಬರುತ್ತಿದ್ದ ಅಪ್ಪ ಭಾನುವಾರಕ್ಕೊಮ್ಮೆ ಚಿರೇಕಲ್ಲು ಜೋಡಿಸುತ್ತ ನಮ್ಮದನ್ನು ಎಬ್ಬಿಸಿದ್ದ. ಒಂದೇ ಕೋಣೆ, ಮೇಲೆ ತಗಡು. ಸಾಲಿನಲ್ಲಿ ಮೊದಲ ಮನೆ ನಮ್ಮದು, ಎರಡನೆಯದು ಚಾಚಿಯದು. ಚಾಚಿ ಬಾಗಲಕೋಟೆ ಕಡೆಯ ಮುಸ್ಲಿಮರ ಹೆಣ್ಣುಮಗಳು, ಅವ್ವನ ಜೀವದ ಗೆಳತಿ. ಇಬ್ಬರೂ ದಿನಕ್ಕೆ ಎರಡು ಸಲ ಜಗಳಾಡಿ ಮೂರು ಸಲ ಒಂದಾಗುತ್ತಿದ್ದರು.

ಕಡಲ ದಂಡೆಯ ಬಾಯ್ನಾದಲ್ಲಿ ನಮ್ಮ ಕಡೆಯವರ ಮನೆಗಳನ್ನು ಸರಕಾರ ಒಡೆದು ಎರಡು ವರ್ಷವಾಗಿತ್ತು. ಅಲ್ಲಿಂದ ಎದ್ದು ಬಂದವರ ಮಾತು ಕೇಳಿ ಕೇಳಿ, ಜೆಸಿಬಿ ಎಂದರೆ ಸಾಕು, ನಮ್ಮ ಸಾಲಿನ ಹೆಂಗಸರು ಒಲೆ ಮೇಲಿನದನ್ನು ಇಳಿಸಿ ಹೊರಗೆ ಬಂದು ನಿಲ್ಲುತ್ತಿದ್ದರು. ಅಂಥದ್ದರಲ್ಲಿ ಒಂದು ದಿನ ನಮ್ಮ ಬಾಗಿಲಿಗೇ ನೋಟೀಸು ಅಂಟಿಸಿದರು. ಜಾಗ ಸರಕಾರದ್ದು, ಮನೆಗಳನ್ನು ಒಡೆಯುತ್ತೇವೆ ಎಂದು ಬರೆದಿತ್ತು. ಅಂಟಿಸಿದವರು ಗುಡ್ಡದ ಮೇಲಿನ ಒಂದು ಕಚೇರಿಯವರು. ಅದನ್ನು ನಾವು ಏರಿನ ಆಫೀಸು ಎನ್ನುತ್ತಿದ್ದೆವು.

ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಪಣಜಿಯ ಒಬ್ಬ ವಕೀಲಬಾಯಿಯ ವಿಳಾಸ ಕೊಟ್ಟರು. ಕೊಂಕಣಿ ಹೆಣ್ಣುಮಗಳು. ಆಳು ಸಣ್ಣದು, ದನಿ ಮಾತ್ರ ಮಹಡಿಯಿಂದ ಬೀದಿಗೆ ಕೇಳುವಂಥದ್ದು. ಎಂಟು ಮನೆಯ ರೇಷನ್ ಕಾರ್ಡು, ಲೈಟ್ ಬಿಲ್ಲು ಎಲ್ಲ ಹರಡಿಕೊಂಡು ನೋಡಿ, ಹೈಕೋರ್ಟಿಗೆ ಹೋಗೋಣ ಎಂದರು. ಹೋದರು, ತಂದೇಬಿಟ್ಟರು! ಮುಂದಿನ ತಾರೀಖಿನವರೆಗೆ ಆ ಸಾಲಿನ ಒಂದು ಕಲ್ಲನ್ನೂ ಯಾರೂ ಮುಟ್ಟಕೂಡದು ಎಂದು ಕೋರ್ಟು ಆರ್ಡರು ಮಾಡಿತ್ತು. ವಕೀಲಬಾಯಿ ನನ್ನ ಕೈಗೆ ಅದರ ಎರಡು ಸರ್ಟಿಫೈಡ್ ಕಾಪಿ ಕೊಟ್ಟು, ಬೆರಳೆತ್ತಿ ಹಿಂದಿಯಲ್ಲಿ ಹೇಳಿದರು: ಒಂದನ್ನು ನಾಳೆ ಬೆಳಿಗ್ಗೆಯೇ ಆ ಆಫೀಸಿಗೆ ಕೊಡು, ಇನ್ನೊಂದರ ಮೇಲೆ ಮುಟ್ಟಿತು ಎಂದು ಆಫೀಸಿನ ಶಿಕ್ಕಾ, ಅಂದರೆ ಮೊಹರು, ಹೊಡೆಸಿಕೊಂಡು ಬಾ. ಶಿಕ್ಕಾ ಮರೆಯಬೇಡ. ನಾನು ತಲೆಯಾಡಿಸಿದೆ. ಶಿಕ್ಕಾದ ಮಹತ್ವ ನನಗೇ ಹೇಳಿಕೊಡಬೇಕೆ ಎಂದು ಒಳಗೊಳಗೇ ನಕ್ಕೆ ಕೂಡ.

ಬೆಳಿಗ್ಗೆ ನಾನು ಮುಖ ತೊಳೆದು ಒಳಗೆ ಬರುವಷ್ಟರಲ್ಲಿ ಅವ್ವ ದೇವರ ಮುಂದೆ ಕೂತಿದ್ದಳು. ಎರಡೂ ಕಾಪಿಗಳು ಚಾಪೆಯ ಮೇಲಿದ್ದವು. ಪಕ್ಕದಲ್ಲಿ ಬಟ್ಟಲು.

"ಅವ್ವಾ! ಏನ್ ಮಾಡಾಕತ್ತೀಯವ್ವಾ ನೀ? ಹೈಕೋರ್ಟ್ ಕಾಗದಾ ಅದು!"

"ಹೈಕೋರ್ಟ್ ಕಾಗದಾ ಅಂತನ ಹಚ್ಚಾಕತ್ತೇನಿ. ಮನಿ ಉಳಿಸಿದ ಕಾಗದಾ. ಅದಕ್ಕ ಹಚ್ಚದ ಮತ್ಯಾವುದಕ್ಕ ಹಚ್ಚಲಿ?"

ಆಗಲೇ ಮೊದಲ ಕಾಪಿಯ ನಾಲ್ಕು ಮೂಲೆ ಮುಗಿದು ಕುಂಕುಮವೂ ಬಿದ್ದಿತ್ತು. ನಾನು ಕಿತ್ತುಕೊಳ್ಳಲು ಹೋದರೆ ಎರಡನೆಯದನ್ನು ಎದೆಗವಚಿಕೊಂಡು ಅಲ್ಲೇ ಬೆರಳು ಒತ್ತಿದಳು. ನಾನು ಅತ್ತೆ. ಅಪ್ಪ ಚಹಾ ಕುಡಿಯುತ್ತ, "ಆಕಿ ಕೈ ಯಾರ ಹಿಡೀತಾರ, ಬಿಡವಾ" ಎಂದು ಜಾರಿಕೊಂಡ. ಬಟ್ಟೆಯಿಂದ ಒರೆಸಿ ನೋಡಿದೆ. ಹಳದಿ ಇನ್ನಷ್ಟು ಹರಡಿತು.

ಏರಿನ ಆಫೀಸಿಗೆ ನಾನೂ ಅವ್ವನೂ ಹೋದೆವು. ಕಾಗದ ತೆಗೆದುಕೊಳ್ಳುವ ಮೇಜಿನಲ್ಲಿ ಒಬ್ಬ ವಯಸ್ಸಾದ ಗುಮಾಸ್ತರು ಕೂತಿದ್ದರು. ಒಂದು ಫೈಲಿನ ಹಾಳೆಗಳಿಗೆಲ್ಲ ಕೆಂಪು ಶಾಯಿಯಲ್ಲಿ ನಂಬರು ಹಾಕುತ್ತಿದ್ದರು, ಒಂದೊಂದು ಅಂಕಿಯನ್ನೂ ಬಿಡಿಸಿದ ಹಾಗೆ. ನಮ್ಮ ಆರ್ಡರನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಕನ್ನಡಕ ಮೇಲಕ್ಕೆ ಸರಿಸಿ, "ಯಾರ ಲಗ್ನ?" ಎಂದು ಹಿಂದಿಯಲ್ಲಿ ಕೇಳಿದರು. ಅಕ್ಕಪಕ್ಕದ ಮೇಜಿನವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಮತ್ತೆ ಅದೇ ಮಾರ್ಕ್ಸ್ ಕಾರ್ಡಿನ ಸಾಲಿನಲ್ಲಿ ನಿಂತ ಹಾಗಾಯಿತು. ಅವರು ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದರು. ಒಳಗೂ ಯಾರೋ ನಕ್ಕದ್ದು ಕೇಳಿಸಿತು. ಬರಿಗೈಯಲ್ಲಿ ಹೊರಗೆ ಬಂದು, ಶಿಕ್ಕಾ ಇಡುವವರು ರಜೆಯಲ್ಲಿದ್ದಾರೆ, "ಫಾಲ್ಯಾಂ ಯೋ", ನಾಳೆ ಬಾ ಎಂದರು.

ಅಲ್ಲೇ ಕೂತು ಹಟ ಹಿಡಿಯಬೇಕಿತ್ತು. ಮೇಜಿನ ಮೇಲೆ, ಅವರ ಮೊಣಕೈ ಪಕ್ಕದಲ್ಲೇ ಶಿಕ್ಕಾ ಇತ್ತು, ನಾನೇ ನೋಡಿದ್ದೆ. ಆದರೆ ನನಗೆ ಆ ನಗೆಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ಅವ್ವ, "ಇರವಾ, ಆ ವಕೀಲಬಾಯಿ ಶಿಕ್ಕಾ ಅಂದಿದ್ಲಲ್ಲ" ಎಂದರೂ ಕೇಳದೆ ಅವಳ ಕೈ ಹಿಡಿದು ಎಳೆದುಕೊಂಡು ಗುಡ್ಡ ಇಳಿದುಬಿಟ್ಟೆ. ಮರುದಿನ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಿ ಹೋಗಲಿಲ್ಲ.

ಅದರ ಮರುದಿನ ಬೆಳಿಗ್ಗೆ ಜೆಸಿಬಿ ಬಂತು!

ಮೊದಲು ಸದ್ದು. ಆಮೇಲೆ ಚಾಚಿಯ ಕೂಗು. ಅಪ್ಪ ಆಗಲೇ ಕೆಲಸಕ್ಕೆ ಹೋಗಿದ್ದ. ಸಾಹೇಬರು ಜೀಪಿನಿಂದ ಇಳಿದು ರಸ್ತೆಯ ಅಂಚಿನಲ್ಲಿ ನಿಂತರು, ಜೊತೆಗೆ ಪೊಲೀಸರು. ನಾನು ಉಳಿದಿದ್ದ ಕಾಪಿ ಹಿಡಿದು ಬರಿಗಾಲಲ್ಲಿ ಓಡಿದೆ. "ಕೋರ್ಟ್ ಆರ್ಡರ್ ಹೈ ಸಾಬ್! ಆಪ್‌ಕೋ ದಿಯಾ ಹೈ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಅವರು ಕಾಗದ ನೋಡಲೇ ಇಲ್ಲ. ನನಗೆ ಯಾವ ಆರ್ಡರೂ ಬಂದಿಲ್ಲ ಎಂದು ಡ್ರೈವರನಿಗೆ ಕೈ ಮಾಡಿದರು. ಅವ್ವ ಮತ್ತು ಚಾಚಿ ಕೈಗೆ ಸಿಕ್ಕಿದ್ದನ್ನು ಹೊರಗೆ ಎಸೆಯುತ್ತಿದ್ದರು. ಹಾಸಿಗೆ, ಹಿಟ್ಟಿನ ಡಬ್ಬಿ, ದೇವರ ಫೋಟೋ. ಒಂದೇ ಏಟಿಗೆ ನಮ್ಮ ಮುಂದಿನ ಗೋಡೆ ಒಳಕ್ಕೆ ಮಲಗಿತು. ಅಪ್ಪ ಎಷ್ಟೋ ಭಾನುವಾರ ಕೂಡಿಸಿ ಕಟ್ಟಿದ್ದು, ನಾನು ರಸ್ತೆ ದಾಟುವಷ್ಟರಲ್ಲಿ ಮಣ್ಣಾಯಿತು.

ನಾನು ಎದುರಿನ ಎಸ್‌ಟಿಡಿ ಬೂತಿಗೆ ನುಗ್ಗಿ ವಕೀಲಬಾಯಿಗೆ ಫೋನ್ ಹಚ್ಚಿದೆ. ಒಡೆಯುತ್ತಿದ್ದಾರೆ ಎಂದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ಶಿಕ್ಕಾ ಇದೆಯಲ್ಲ?"

ನಾನು ಇಲ್ಲ ಎಂದೆ.

ಆಕೆ ಬೈಯಲಿಲ್ಲ. ಸಾಹೇಬರಿಗೆ ಫೋನ್ ಕೊಡು ಎಂದರು. ಬೂತಿನ ಫೋನನ್ನು ರಸ್ತೆಗೆ ಒಯ್ಯುವುದು ಹೇಗೆ? ಕೊನೆಗೆ ಆಕೆಯೇ ಎಲ್ಲಿಗೆಲ್ಲ ಫೋನ್ ಮಾಡಿದರೋ, ಅರ್ಧ ಗಂಟೆಯಲ್ಲಿ ಸಾಹೇಬರ ಮೊಬೈಲು ರಿಂಗಾಯಿತು. ಅವರು ನೆಟ್ಟಗೆ ನಿಂತು ಮಾತಾಡಿದರು, ಜೀಪು ಹತ್ತಿದರು. ಜೆಸಿಬಿ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ನಮ್ಮ ಮನೆ ಪೂರ್ತಿ ಹೋಗಿತ್ತು, ಚಾಚಿಯ ಮನೆಯ ಒಂದು ಗೋಡೆ ಉರುಳಿತ್ತು. ಉಳಿದ ಆರು ಮನೆಗಳು ನಿಂತಿದ್ದವು.

ವಕೀಲಬಾಯಿ ಆ ವಾರವೇ ಕಂಟೆಂಪ್ಟ್ ಅರ್ಜಿ ಹಾಕಿದರು. ನ್ಯಾಯಾಂಗ ನಿಂದನೆ. ಅವ್ವನ ಬಾಯಲ್ಲಿ ಅದು ಕಂಟಮು ಆಯಿತು. ಇದು ಇನ್ನು ನಿಮ್ಮ ಜಗಳವಲ್ಲ, ಅವರು ಅವಮಾನ ಮಾಡಿದ್ದು ಕೋರ್ಟಿಗೆ ಎಂದು ವಕೀಲಬಾಯಿ ತಿಳಿಸಿ ಹೇಳಿದರು. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಅಂದ್ರ ಬಿದ್ದದ್ದು ನಮ್ಮ ಮನಿ, ಸಿಟ್ಟು ಬರೂದು ಕೋರ್ಟಿಗೆ?"

"ಹೌದವ್ವಾ."

"ಬರಲಿ ಬಿಡು. ನಮಗ ಬಂದು ಏನ್ ಉಪಯೋಗ ಆಗೇತಿ?"

ಆದರೆ ಸಾಹೇಬರು ಪ್ರಮಾಣಪತ್ರ ಹಾಕಿದರು. ಆರ್ಡರಿನ ವಿಷಯ ನಮಗೆ ಗೊತ್ತೇ ಇರಲಿಲ್ಲ, ಒಡೆದ ಮೇಲೆ ಕೋರ್ಟಿನಿಂದ ಟಪಾಲಿನಲ್ಲಿ ಬಂದ ಕಾಪಿಯೇ ನಾವು ನೋಡಿದ ಮೊದಲ ಕಾಪಿ, ಈ ಹುಡುಗಿ ಮತ್ತು ಅವಳ ತಾಯಿ ನಮ್ಮ ಆಫೀಸಿಗೆ ಬಂದೇ ಇಲ್ಲ ಎಂದು ಬರೆದಿದ್ದರು. ಬಂದೇ ಇಲ್ಲ! ಗೊತ್ತಿಲ್ಲದೆ ಒಡೆದರೆ ನಿಂದನೆಯಾಗುವುದಿಲ್ಲ. ನಿಂದನೆಯಾಗದಿದ್ದರೆ ಅವರು ಮನೆಯನ್ನೂ ಕಟ್ಟಿಕೊಡಬೇಕಿಲ್ಲ. ಒಂದು ಶಿಕ್ಕಾ ಇದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಮುರಿದ ಕಲ್ಲುಗಳ ನಡುವೆ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದ ಅವ್ವ ಅಪ್ಪನನ್ನು ನೋಡಿದಾಗಲೆಲ್ಲ ಮನೆ ಕೆಡವಿದ್ದು ಜೆಸಿಬಿ ಅಲ್ಲ, ನಾನೇ ಎನಿಸುತ್ತಿತ್ತು. ಮಳೆಗಾಲ ದೂರವಿರಲಿಲ್ಲ. ಅವ್ವ ಅಪ್ಪ ಒಂದು ದಿನವೂ ಅದಕ್ಕಾಗಿ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ವಿಚಾರಣೆಗೆ ಕೆಲವು ದಿನ ಮೊದಲು ವಕೀಲಬಾಯಿ ನಮ್ಮ ಬಳಿ ಉಳಿದ ಕಾಪಿ ತರಹೇಳಿದರು. ನಾನು ಅದನ್ನು ಮಡಚಿ, ಹಳದಿ ಒಳಗೆ ಹೋಗುವಂತೆ ಕೊಟ್ಟೆ. ಬಿಡಿಸಿದರು.

"ಇದೇನು ಹಳದಿ?"

ನಾನು ನೆಲ ನೋಡುತ್ತ, ನಮ್ಮ ಅವ್ವ ಹಚ್ಚುತ್ತಾಳೆ, ಹೊಸದೇನು ಬಂದರೂ ಹಚ್ಚುತ್ತಾಳೆ, ಎಷ್ಟು ಬೇಡವೆಂದರೂ ಕೇಳುವುದಿಲ್ಲ, ಎರಡೂ ಕಾಪಿ ಹಾಳು ಮಾಡಿದಳು ಎಂದು ದೂರು ಹೇಳಿದೆ.

ಆಕೆ ಕುರ್ಚಿಯಿಂದ ಎದ್ದರು. "ಎರಡಕ್ಕೂ ಹಚ್ಚಿದಳೆ? ಆಫೀಸಿಗೆ ಕೊಟ್ಟದ್ದಕ್ಕೂ?"

"ಹೌದು."

ಆಕೆ ಒಮ್ಮೆಲೆ ಜೋರಾಗಿ ನಕ್ಕರು. ಹೊರಗೆ ಕೂತಿದ್ದ ಕಕ್ಷಿದಾರರು ಇಣುಕಿ ನೋಡಿದರು. ಟಪಾಲಿನಲ್ಲಿ ಹೋದ ಕಾಪಿಗೆ ಕೋರ್ಟಿನವರು ಅರಿಶಿಣ ಹಚ್ಚಿರುವುದಿಲ್ಲ ಅಲ್ಲವೆ ಎಂದು ನನ್ನನ್ನೇ ಕೇಳಿದರು. ನನಗೆ ಆಗ ಹೊಳೆಯಿತು. ಮೈಯೆಲ್ಲ ಜುಮ್ಮೆಂದಿತು. ಹಳದಿ ಕಾಗದ ಆ ಫೈಲಿನಲ್ಲಿ ಇದ್ದರೆ! ಆದರೆ ಹರಿದು ಎಸೆದಿದ್ದರೆ? ಆಕೆ ಅದನ್ನು ಯಾರಿಗೂ ಹೇಳಬೇಡ ಎಂದು ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಕೋರ್ಟಿನಲ್ಲಿ ಒಂದೇ ಒಂದು ಕೇಳಿದರು: ಆಫೀಸಿನ ಮೂಲ ಫೈಲು ತರಿಸಬೇಕು.

ವಿಚಾರಣೆಯ ದಿನ ಎಂಟು ಮನೆಯವರೂ ಪಣಜಿಗೆ ಹೊರಟೆವು. ಬಸ್ಸಿನ ಅರ್ಧ ನಾವೇ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಚಾಚಿ ಈದಿಗೆ ತಂದ ಹೊಸ ಬುರ್ಖಾ ತೊಟ್ಟಿದ್ದಳು. ಅಪ್ಪ ಗಡ್ಡ ಬೋಳಿಸಿಕೊಂಡು ಗುರುತೇ ಸಿಗದಂತಾಗಿದ್ದ. ಕೋರ್ಟಿನ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂತೆವು. ಸಾಹೇಬರು ಇಸ್ತ್ರಿ ಅಂಗಿಯಲ್ಲಿ ಮುಂದಿದ್ದರು. ಅವರ ಹಿಂದೆ ಗುಮಾಸ್ತರು ಫೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಫೈಲು ಮೇಲೆ ಹೋಯಿತು. ನ್ಯಾಯಾಧೀಶರು ಹಾಳೆ ತಿರುವಲು ಶುರು ಮಾಡಿದರು. ಒಂದು, ಇನ್ನೊಂದು, ಮತ್ತೊಂದು. ವಕೀಲಬಾಯಿ ಪೆನ್ನಿನ ಕ್ಯಾಪು ತೆಗೆಯುವುದು ಹಾಕುವುದು ಮಾಡುತ್ತಿದ್ದರು. ನಾನು ಚಾಚಿಯ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಕೆ "ಬಳಿ ಒಡೀತಾವಲ್ಲೇ" ಎಂದು ಪಿಸುಗುಟ್ಟಿದಳು. ಆಗ ನ್ಯಾಯಾಧೀಶರ ಕೈ ನಿಂತಿತು.

ಅವರು ಫೈಲನ್ನು ಎತ್ತಿ ನಮ್ಮ ಕಡೆಗೆ ತಿರುಗಿಸಿದರು. ಅಷ್ಟು ದೂರದಿಂದಲೂ ಕಂಡಿತು! ನಾಲ್ಕು ಮೂಲೆಗೆ ಅವ್ವನ ಬೆರಳು, ನಡುವೆ ಕುಂಕುಮ. ಮೇಲೆ ಕೆಂಪು ಶಾಯಿಯಲ್ಲಿ ಹಾಳೆಯ ನಂಬರು. ಅದರ ಮುಂದಿನ ನಂಬರಿನ ಹಾಳೆ ಏನು ಗೊತ್ತೆ? ಜೆಸಿಬಿ ಕಳಿಸಿರಿ ಎಂದು ಸಾಹೇಬರೇ ಸಹಿ ಹಾಕಿದ ಪತ್ರ. ಟಪಾಲಿನಲ್ಲಿ ಬಂದ ಬಿಳಿ ಕಾಪಿ ಅದಕ್ಕೂ ಎಷ್ಟೋ ಹಾಳೆ ಆಚೆ ಇತ್ತು. ಗುಮಾಸ್ತರು ಬಂದ ಕಾಗದವನ್ನು ಬಂದ ಸಾಲಿನಲ್ಲೇ ಫೈಲಿಗೆ ಹಾಕಿ, ಅವರ ಎಂದಿನ ರೂಢಿಯಂತೆ ನಂಬರು ಬರೆದಿದ್ದರು. ಬೇಕೆಂದೇ ಹಾಗೆ ಉಳಿಸಿದರೋ, ಬರಿಯ ರೂಢಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸಾಹೇಬರು ಫೈಲಿಗೆ ಸಹಿ ಹಾಕುವವರೇ ಹೊರತು ಬಿಚ್ಚಿ ನೋಡುವವರಲ್ಲ.

ನಮ್ಮ ಕೋರ್ಟಿನಿಂದ ಆರ್ಡರುಗಳು ಹೀಗೆ ಶೃಂಗಾರ ಮಾಡಿಕೊಂಡು ಹೊರಡುತ್ತವೆಂದು ನನಗೆ ಗೊತ್ತಿರಲಿಲ್ಲ ಎಂದರು ನ್ಯಾಯಾಧೀಶರು ಇಂಗ್ಲಿಷಿನಲ್ಲಿ. ಕೋರ್ಟಿಗೆ ಕೋರ್ಟೇ ನಕ್ಕಿತು. ಇದನ್ನು ಹಚ್ಚಿದವರು ಯಾರು ಎಂದು ಕೇಳಿದರು. ವಕೀಲಬಾಯಿ ಹಿಂದೆ ತಿರುಗಿ ಅವ್ವನಿಗೆ ಬಾ ಎಂದು ಕೈ ಮಾಡಿದರು.

ಅವ್ವನ ಮುಖ ಬಿಳಿಚಿಕೊಂಡಿತು. ನಗು ಕೇಳಿದ್ದಳು, ಕಾಗದ ನೋಡಿದ್ದಳು, ಕೋರ್ಟಿನ ಮರ್ಯಾದೆಯ ವಿಷಯ ನಾನೇ ಹೇಳಿಕೊಟ್ಟಿದ್ದೆ. ಕಂಟಮು ತಾನೇ ಮಾಡಿದೆನೆಂದು ತಿಳಿದಳು. ಮುಂದೆ ಹೋಗಿ ಎರಡೂ ಕೈ ಜೋಡಿಸಿ ನಡುಗುವ ದನಿಯಲ್ಲಿ ಹೇಳಿದಳು: "ತಪ್ಪಾತ್ರೀ ಸಾಹೇಬ್ರ. ಮಗಳು ಬ್ಯಾಡ ಬ್ಯಾಡ ಅಂದ್ಲು, ನಾ ಕೇಳಲಿಲ್ಲ. ಹೊಸಾದು ಏನ್ ಬಂದ್ರೂ ಹಚ್ಚತೀವ್ರಿ ನಾವು. ನಿಮ್ಮ ಕಾಗದಾ ಹೊಲಸ ಮಾಡಬೇಕಂತ ಹಚ್ಚಿದ್ದಲ್ರಿ. ನನ್ನ ಮ್ಯಾಲಿನ ಸಿಟ್ಟು ನನ್ನ ಮನಿ ಮ್ಯಾಲ ತಗೀಬ್ಯಾಡ್ರಿ."

ಅದನ್ನು ಇಂಗ್ಲಿಷಿಗೆ ಹೇಳು ಎಂದು ವಕೀಲಬಾಯಿ ನನಗೆ ಸನ್ನೆ ಮಾಡಿದರು. ಎದ್ದು ನಿಂತೆ. ಒಂದೊಂದೇ ಮಾತು ಹೇಳಿದೆ. ಕೊನೆಯ ಮಾತನ್ನು ಎರಡು ಸಲ ಶುರು ಮಾಡಬೇಕಾಯಿತು. ಹೇಗೋ ಹೇಳಿ ಮುಗಿಸಿದೆ. ಈಗ ಹಾಲಿನಲ್ಲಿ ಯಾರೂ ನಗುತ್ತಿರಲಿಲ್ಲ. ನ್ಯಾಯಾಧೀಶರು ತಲೆ ಅಲ್ಲಾಡಿಸಿ, ನಿಮ್ಮಿಂದ ತಪ್ಪಾಗಿಲ್ಲ ಎಂದು ಅವಳಿಗೆ ಹೇಳು, ಈ ಕಾಗದಕ್ಕೆ ಆ ಆಫೀಸಿನಲ್ಲಿ ಮರ್ಯಾದೆ ಕೊಟ್ಟವರು ಯಾರೂ ಇಲ್ಲ, ಕೊಟ್ಟವಳು ಇವಳೊಬ್ಬಳೇ ಎಂದು ಹೇಳು ಎಂದರು. ನಾನು ಹೇಳಿದೆ. ಅವ್ವ, "ಹಂಗಾರ ಮನಿ?" ಎಂದಳು.

ಸಾಹೇಬರ ವಕೀಲರು ಅಲ್ಲೇ ಬೇಷರತ್ ಕ್ಷಮೆ ಕೇಳುತ್ತೇವೆ ಎಂದರು. ಕ್ಷಮೆಯ ಮಾತು ಆಮೇಲೆ, ಮೊದಲು ಗೋಡೆ ಎಂದರು ನ್ಯಾಯಾಧೀಶರು. ಎರಡೂ ಮನೆಗಳನ್ನು ಮಳೆಗಾಲ ಹತ್ತುವ ಮೊದಲು ಹೇಗಿದ್ದವೋ ಹಾಗೆಯೇ ಕಟ್ಟಿಕೊಡಬೇಕು, ಸಾಹೇಬರು ತಾವೇ ಸ್ಥಳದಲ್ಲಿ ನಿಂತು ಕಟ್ಟಿಸಬೇಕು, ಆಮೇಲೆ ಬಂದು ವರದಿ ಒಪ್ಪಿಸಬೇಕು ಎಂದು ಆರ್ಡರಾಯಿತು. ಹೊರಗೆ ಬಂದದ್ದೇ ಚಾಚಿ ಅವ್ವನನ್ನು ತಬ್ಬಿ ಎತ್ತಿಯೇಬಿಟ್ಟಳು. ನಾನು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಅಷ್ಟು ಸಂತೋಷ ನನಗೆ ಆಮೇಲೆ ಎಷ್ಟು ಸಲ ಆಗಿದೆಯೋ, ಬೆರಳಿನಲ್ಲಿ ಎಣಿಸಬಹುದು.

ಅದೇ ವಾರ ಸಾಹೇಬರು ಬಂದರು. ಕೈಯಲ್ಲಿ ಡೈರಿ, ಜೊತೆಯಲ್ಲಿ ಟೇಪು ಹಿಡಿದ ಇಂಜಿನಿಯರು. ಆವತ್ತು ರಸ್ತೆಯ ಅಂಚಿನಲ್ಲೇ ನಿಂತಿದ್ದವರು ಈಗ ಚಪ್ಪಲಿ ಜಾರಿಸಿಕೊಳ್ಳುತ್ತ ಕೆಳಗೆ ಇಳಿದು ಬಂದರು. ಮನೆ ಹೇಗಿತ್ತು ಹೇಳಿ ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಕೆಲಸದ ವಿಷಯದಲ್ಲಿ ಒಂದು ಇಂಚೂ ಸುಳ್ಳು ಹೇಳುವವನಲ್ಲ. ಇಷ್ಟು ಅಡಿ ಉದ್ದ, ಇಷ್ಟು ಅಗಲ, ಬಾಗಿಲು ಇಲ್ಲಿ, ಮೋರಿ ಅಲ್ಲಿ ಎಂದು ತೋರಿಸುತ್ತ ಹೋದ. ಸಾಹೇಬರು ಬರೆದುಕೊಳ್ಳುತ್ತ ಹೋದರು.

ಹಿಂದಿನ ಗೋಡೆ ಇದ್ದ ಜಾಗಕ್ಕೆ ಬಂದಾಗ ಅವ್ವ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

"ಇಲ್ಲೊಂದು ಕಿಡಕಿ ಇತ್ತ್ರೀ," ಎಂದಳು.

ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ಚೌಕಟ್ಟು ಸಿಕ್ಕಮೇಲೆ ಇಡೋಣ ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ಬೇರೆಯವರ ಮನೆಗಳಿಗೆ ಇಟ್ಟು ಬರುತ್ತಿದ್ದ. ಅವ್ವ ಹಗಲಲ್ಲೂ ದೀಪ ಹಚ್ಚಿ ರೊಟ್ಟಿ ಬಡಿದವಳು. ಅಪ್ಪ ಬಾಯಿ ತೆರೆದ. ಚಾಚಿ ಹಿಂದಿನಿಂದ ಅವನ ಕಾಲು ತುಳಿದಳು. ಅವನು ಇಂಜಿನಿಯರರ ಟೇಪನ್ನೇ ನೋಡುತ್ತ ನಿಂತ.

ಸಾಹೇಬರಿಗೆ ಅನುಮಾನ ಬಂತು. ಆ ಗೋಡೆ ಇದ್ದ ಜಾಗ ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಕೋರ್ಟಿನಲ್ಲಿ ಅವರ ಎದುರು ನಿಜ ಹೇಳಿದವಳು ನಾನಲ್ಲವೆ?

"ತುಮ್ ಬೋಲೋ. ಖಿಡಕಿ ಥೀ ಕ್ಯಾ?"

ಅವ್ವ ನನ್ನನ್ನು ನೋಡಲಿಲ್ಲ. ಆಚೆ ಕಾಣುತ್ತಿದ್ದ ಗದ್ದೆಯನ್ನು, ಕಿಟಕಿಯೊಳಗಿಂದ ನೋಡುವವಳಂತೆ ನೋಡುತ್ತಿದ್ದಳು.

"ದೋ ಥೀ ಸಾಬ್," ಎಂದೆ.

ಸಾಹೇಬರು ಡೈರಿಯಲ್ಲಿ ಎರಡು ಎಂದು ಬರೆದುಕೊಂಡರು.